ಮೊನೆಯ ಹೂದೋಟ ಡೊಂಬಿವ್ಲಿ ಗೋಡೆ ಮೇಲೆ: ಕ್ಯಾನ್ವಾಸ್ ಪ್ರಿಂಟ್ ರಿವ್ಯೂ

ಒಂದೇ ಚಿತ್ರಕ್ಕೆ ಎರಡ್ ಸಲ ದುಡ್ಡು ಕೊಟ್ಟಿದೀನಿ, ಅದಕ್ಕೇ ಸ್ವಲ್ಪ ವಿವರವಾಗಿ ಬರೀತಿದೀನಿ, ತಗೊಳೋರಿಗೆ ಉಪಯೋಗ ಆಗ್ಲಿ. ಫ್ರಾನ್ಸ್‌ನ ಚಿತ್ರಕಾರ ಕ್ಲೋಡ್ ಮೊನೆ, ಗಿವರ್ನಿ ಅನ್ನೋ ಹಳ್ಳೀಲಿದ್ದ ತನ್ನ ತೋಟಾನ 1900ರಲ್ಲಿ ಬರೆದ ಚಿತ್ರ ಇದು. ನೇರಳೆ ಐರಿಸ್ ಹೂಗಳು ಸಾಲುಸಾಲಾಗಿ ಓರೆಯಾಗಿ ಹಬ್ಬಿವೆ, ಮೇಲೆ ಮರಗಳು, ಮರಗಳ ಸಂದಿಲಿ ಅವನ ಮನೆ ಚೂರೇ ಚೂರು ಕಾಣುತ್ತೆ. ಅಸಲಿ ಚಿತ್ರ ಪ್ಯಾರಿಸ್‌ನ ಒರ್ಸೇ ಮ್ಯೂಸಿಯಂನಲ್ಲಿದೆ.

ಮೊದ್ಲು ಆನ್‌ಲೈನ್‌ನಲ್ಲಿ ತರಿಸ್ದೆ. ನೇರಳೆ ಎಲ್ಲಾ ನೀಲಿ ಆಗಿತ್ತು, ಅದಕ್ಕಿಂತ ಬೇಜಾರಾಗಿದ್ದು ಏನಂದ್ರೆ ಮನೇನೇ ಇಲ್ಲ! ಅಸಲಿ ಚಿತ್ರದ ಅಗಲ 92.6 ಸೆಂಮೀ, ಎತ್ತರ 81.6, ಅಂದ್ರೆ ಹತ್ತತ್ರ ಚೌಕ. ಅವರದ್ದು 36ಕ್ಕೆ 24 ಇಂಚಿನ ರೆಡಿ ಸೈಜು, ಅದಕ್ಕೆ ಕೂರಿಸೋಕೆ ಮೇಲ್ಗಡೆ ಕತ್ತರಿಸಿಬಿಟ್ಟಿದಾರೆ. ಮೊನೆ 1883ರಲ್ಲಿ ಬಾಡಿಗೆಗೆ ಬಂದು, 1890ರಲ್ಲಿ ಕೊಂಡ್ಕೊಂಡು, ವರ್ಷಗಟ್ಲೆ ಗಿಡ ನೆಟ್ಟು ತೋಟ ಮಾಡ್ಕೊಂಡ ಮನೆ ಅದು, ಅದೇ ಹೋದ್ರೆ ಯಾರ ತೋಟ ಅಂತ ಹೇಳೋದು?

ಆಮೇಲೆ ಇಲ್ಲೇ, ಮುಂಬೈ ಪಕ್ಕದ ನಮ್ಮ ಡೊಂಬಿವ್ಲಿ ಈಸ್ಟ್‌ನಲ್ಲಿ ಸ್ಟೇಷನ್ ಹತ್ರದ ಗಲ್ಲೀಲಿರೋ ಚಿಕ್ಕ ಫ್ರೇಮ್ ಅಂಗಡಿಗೆ ಹೋದೆ. ದೇವರ ಫೋಟೋಗಳ ಮಧ್ಯೆ ಕೂತಿದ್ದ ಕಾಕಾ ಮೊಬೈಲಲ್ಲಿ ಚಿತ್ರ ನೋಡಿದ್ದೇ, ನೇರಳೆ ಕಷ್ಟ, ಮೊದ್ಲು ತುಂಡು ಹೊಡೆದು ನೋಡೋಣ ಅಂದ್ರು. ಅಂಗೈ ಅಗಲದ ಮೂರು ತುಂಡು ಪ್ರಿಂಟ್ ಹಾಕ್ಸಿ, ಅಂಗಡಿ ಹೊರಗೆ ಬಿಸ್ಲಲ್ಲಿ ಒಂದ್ಸಲ, ಒಳಗೆ ಟ್ಯೂಬ್‌ಲೈಟಲ್ಲಿ ಒಂದ್ಸಲ ಹಿಡಿದು ತೋರಿಸಿದ್ರು. ಮೂರನೇದು ಸರಿ ಬಂತು, ಮರದ ನೆರಳು ಬಿದ್ದ ಕಡೆ ಹೂವು ಗಾಢ ನೇರಳೆ, ಬಿಸ್ಲು ಬಿದ್ದ ಕಡೆ ಗುಲಾಬಿ ಛಾಯೆ. ಈ ಚಿತ್ರದ ಜೀವ ಇರೋದೇ ಅಲ್ಲಿ, ಹತ್ರ ಹೋದ್ರೆ ಹೂವೇ ಇಲ್ಲ, ಬರೀ ಬಣ್ಣದ ಚುಕ್ಕೆ ಗೀಟು, ನಾಲ್ಕು ಹೆಜ್ಜೆ ಹಿಂದೆ ಬಂದ್ರೆ ಇಡೀ ತೋಟ ಎದ್ದು ನಿಲ್ಲುತ್ತೆ.

24ಕ್ಕೆ 21 ಇಂಚು ಮಾಡ್ಸಿದೆ, ಏನೂ ಕಟ್ ಆಗಿಲ್ಲ. ಮ್ಯಾಟ್ ಫಿನಿಶೇ ತಗೊಳಿ, ಹೊಳಪಿಂದಾದ್ರೆ ರಾತ್ರಿ ಲೈಟು ಮಾತ್ರ ಕಾಣ್ಸುತ್ತೆ. ಗಾಜು ಬೇಡ ಅಂದ್ರು, ಇಲ್ಲಿನ ಮಳೇಲಿ ಒಳಗೆ ತೇವ ಕೂತು ಬೂಷ್ಟು ಬರುತ್ತಂತೆ. ಹಿಂದ್ಗಡೆ ಕೆಳಗಿನ ಎರಡೂ ಮೂಲೆಗೆ ರಬ್ಬರ್ ಬಟನ್ ಅಂಟಿಸಿಕೊಟ್ರು, ಗೋಡೆಗೆ ತಾಗದೆ ಗಾಳಿ ಆಡ್ಲಿ ಅಂತ. ಇದನ್ನ ನಾನು ಕೇಳಿರ್ಲೇ ಇಲ್ಲ, ಅವರೇ ನೆನಪಿಟ್ಟು ಮಾಡಿದ್ದು. ಎಲ್ಲಾ ಸೇರಿ 2,800 ರೂಪಾಯಿ, ನನ್ ಪ್ರಕಾರ ನ್ಯಾಯವಾದ ರೇಟು. ಐದು ದಿನ ಅಂದಿದ್ದು ಒಂಬತ್ತು ದಿನ ಆಯ್ತು, ಅದೊಂದೇ ಕೊರತೆ.

ಶಿರಸಿಯಿಂದ ಆಯಿ ಬಂದಾಗ ತುಂಬಾ ಹೊತ್ತು ಅದರ ಮುಂದೆ ನಿಂತಿದ್ಲು. "ಇದು ಯಾರ ಮನೆ ಅಂಗಳ ತಮಾ, ಚೊಲೋ ಇದ್ದು" ಅಂದ್ಲು. ಮಳೆಗಾಲದಲ್ಲಿ ನಮ್ಮನೆ ಅಂಗಳ ಪೂರ್ತಿ ಅವಳ ಡೇರೆ ಹೂವೇ. ಮೊನೆನೂ ಡೇರೆ ಬೆಳೆಸ್ತಿದ್ದ ಅಂದೆ, ಹಾಗಾದ್ರೆ ಗೆಡ್ಡೆ ಎಲ್ಲಿಂದ ತರಿಸ್ತಿದ್ದ ಅಂತ ಕೇಳಿದ್ಲು!

ಈಗ ಮೊನೆದೇ 1881ರ ಇನ್ನೊಂದು ಚಿತ್ರ, ಗಿವರ್ನಿಗೆ ಬರೋಕ್ ಮುಂಚೆ ಅವನಿದ್ದ ವೆತೆಯ್ ಊರಿನ ತೋಟದ್ದು, ಅದಕ್ಕೆ ಹೇಳಿ ಬಂದಿದೀನಿ, ಎತ್ತರೆತ್ತರದ ಸೂರ್ಯಕಾಂತಿ, ಮಧ್ಯೆ ದಾರೀಲಿ ನಿಂತ ಪುಟ್ಟ ಹುಡುಗ. ಹಳದಿಗೂ ತುಂಡು ಹೊಡೆದು ತೋರಿಸ್ತೀನಿ ಅಂದಿದಾರೆ ಕಾಕಾ.