ಬಾಸೆಲ್ ಮಿಷನ್ ಚಿತ್ರಸಂಗ್ರಹ: ಹಿರಿಯರ ನೋಟ, ಕಿರಿಯರ ಪ್ರಶ್ನೆ

1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಹಳೆಯ ಛಾಯಾಚಿತ್ರಗಳನ್ನೂ ನಕ್ಷೆಗಳನ್ನೂ ಅಂತರ್ಜಾಲದಲ್ಲಿ ತೆರೆದಿಟ್ಟಿರುವ ಬಿಎಂ ಆರ್ಕೈವ್ಸ್ ತಾಣವು ಕರಾವಳಿಯ ಕ್ರೈಸ್ತ ಸಭೆಗಳ ಯುವಜನರು ಬಳಸಲೇಬೇಕಾದ ಸೇವೆ. ಊರಿನ ಹೆಸರು ಕೊಟ್ಟು ಹುಡುಕಿದರೆ ಮಿಷನ್ ನಡೆಸುತ್ತಿದ್ದ ಹಂಚಿನ ಕಾರ್ಖಾನೆ, ನೇಯ್ಗೆ, ಮುದ್ರಣಾಲಯ ಎಲ್ಲವೂ ಕಣ್ಣಮುಂದೆ ಬರುತ್ತವೆ. ಹಂಚಿನ ಕಾರ್ಖಾನೆಯ ಕೆಲಸಗಾರರ ಚಿತ್ರದಲ್ಲಿ ಹಿರಿಯರು, ಮತಾಂತರದಿಂದ ಕುಲದ ಆಸರೆ ಕಳೆದುಕೊಂಡವರಿಗೆ ಸಿಕ್ಕ ಅನ್ನದ ದಾರಿಯನ್ನು ಕಾಣುತ್ತಾರೆ; ಕಿರಿಯರಾದರೋ ಕೂಲಿ ಎಷ್ಟಿತ್ತು, ಲಾಭ ಯಾರ ಪಾಲಾಯಿತು ಎಂದು ಕೇಳುತ್ತಾರೆ. ಆ ಪ್ರಶ್ನೆ, ನನ್ನ ಮಟ್ಟಿಗೆ, ನ್ಯಾಯವಾದದ್ದೇ. ಬಾಸೆಲ್ ಮಿಷನ್ನಿನ ಕೆಲಸವನ್ನು ಮುಂದುವರಿಸಲು 2001ರಲ್ಲಿ ರೂಪುಗೊಂಡ ‘ಮಿಷನ್ 21’ ಸಂಸ್ಥೆ ಕೂಡ ಈಗ ಸಹಭಾಗಿತ್ವದ ಮಾತನ್ನೇ ಆಡುತ್ತಿರುವುದರಿಂದ, ಚಿತ್ರಗಳ ವಿವರಣೆಯನ್ನು ಕನ್ನಡ, ತುಳುಗಳಲ್ಲಿ ಬರೆಯುವ ಕೆಲಸವನ್ನು ಇಲ್ಲಿಯ ಸಭೆಗಳ ಹುಡುಗ ಹುಡುಗಿಯರಿಗೇ ಒಪ್ಪಿಸಬಹುದು.