ಹಾಲುವಾಣದ ಗೂಟ ಬೇಕಾದರೆ ಇಲ್ಲಿಗೆ ಹೋಗಿ

ಕುಶಾಲನಗರದಿಂದ ಹಾರಂಗಿ ಕಡೆ ಹೋಗುವ ದಾರಿಯಲ್ಲಿರುವ ಚಿಕ್ಕ ನರ್ಸರಿ. ಬೋರ್ಡ್ ಕೂಡ ಇಲ್ಲ. ಜೂನ್‌ನಲ್ಲಿ ಕಾಫಿ ತೋಟದ ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸೋಕೆ ನೆಟ್ಟರೆ ಚಿಗುರುವ ಹಾಲುವಾಣ ಮರದ 80 ಗೂಟ ಬೇಕಿತ್ತು. ಸುಂಟಿಕೊಪ್ಪದಿಂದ ಜೀಪ್ ತಗೊಂಡು ಹೋದೆ.

ಗೂಟ ಕಡಿಯುವ ಮೊದಲು ಅಲ್ಲಿನ ಅಕ್ಕ ಬೇಲಿಯ ಪ್ರತಿ ಮರದ ಎಲೆಯನ್ನೂ ತಿರುವಿ ನೋಡಿದರು. ಒಂದು ಮರದ ಎಲೆತೊಟ್ಟು ಉಬ್ಬಿ ಗಂಟುಗಂಟಾಗಿತ್ತು. ಉಗುರಲ್ಲಿ ಸೀಳಿ ತೋರಿಸಿದರು: ಒಳಗೆ ಬಿಳಿ ಹುಳು, ಪಕ್ಕದ ಒಣಗಿದ ಗಂಟಿನ ಮೇಲೆ ಸೂಜಿಮೊನೆಯಷ್ಟು ತೂತುಗಳು. "ಇದರದ್ದು ಒಂದೂ ಕೊಡಲ್ಲ ಅಣ್ಣ, ನಿಮ್ಮ ತೋಟ ಪೂರ್ತಿ ಹಬ್ಬುತ್ತೆ" ಅಂದರು. ಕೇಳಿದ್ದು 80, ಕೊಟ್ಟಿದ್ದು 62. ಹೋದ ವರ್ಷ ಬೇರೆ ಕಡೆ ತಂದ ಗೂಟ ಚಿಗುರಿದ ಮೇಲೆ ಗಂಟು ಕಂಡು ಎಲ್ಲವನ್ನೂ ಕಿತ್ತು ಸುಟ್ಟಿದ್ದೆ, ಹಾಗಾಗಿ ಈ ಮಾತಿನ ಬೆಲೆ ನನಗೆ ಗೊತ್ತು.

ಈ ಗಂಟು ಎಷ್ಟು ಕೆಟ್ಟದ್ದು ಅನ್ನೋಕೆ ಹವಾಯಿ ದ್ವೀಪಗಳ ಕಥೆ ಕೇಳಿ. ಅಲ್ಲಿ ನಮ್ಮ ಹಾಲುವಾಣದ ದಾಯಾದಿ ವಿಲಿವಿಲಿ ಅಂತ ಒಂದು ಮರವಿದೆ. ಬೇರೆ ಯಾವ ಕಾಡಿನಲ್ಲೂ ಇಲ್ಲ. ಅಲ್ಲೂ ಬೆಟ್ಟ ಮೋಡ ತಡೆಯುತ್ತದೆ, ಒಂದು ಮಗ್ಗುಲಿಗೆ ಭಾಗಮಂಡಲದ ಥರ ಮಳೆ, ಇನ್ನೊಂದು ಮಗ್ಗುಲು ಕುಶಾಲನಗರಕ್ಕಿಂತ ಒಣ. ಜ್ವಾಲಾಮುಖಿ ಉಗುಳಿದ ಲಾವಾ ಕಲ್ಲು ನೀರು ಹಿಡಿಯುವುದೇ ಕಡಿಮೆ, ಅಂಥ ಜಾಗದಲ್ಲಿ ಈ ಮರ ಬೇಸಿಗೆಗೆ ಎಲೆ ಉದುರಿಸಿ ಬೋಳು ಕೊಂಬೆಯಲ್ಲೇ ಹೂ ಬಿಟ್ಟು ಬದುಕುತ್ತದೆ. ಬರಕ್ಕೆ ಜಗ್ಗದ ಈ ಮರವನ್ನು 2005ರಲ್ಲಿ ಬಂದ ಗಂಟು ಕಣಜ, ಅಂದರೆ ಎಲೆಯೊಳಗೆ ಮರಿಹುಳು ಬೆಳೆದು ಇಂಥ ಗಂಟು ಕಟ್ಟಿಸುವ ಕಣಜ, ಮಲಗಿಸಿತು. ಮೂಲ ಆಫ್ರಿಕಾ, ಉದ್ದ ಒಂದೂವರೆ ಮಿಲಿಮೀಟರ್ ಅಷ್ಟೇ. ಮೊದಲು ಅಲ್ಲಿನ ಒವಾಹು ದ್ವೀಪದಲ್ಲಿ ಕಂಡಿದ್ದು ಕೆಲವೇ ತಿಂಗಳಲ್ಲಿ ಉಳಿದ ದ್ವೀಪಗಳಿಗೂ ಹಬ್ಬಿ ಮರಗಳು ಸತ್ತವು. 2008ರಲ್ಲಿ ಟಾಂಜಾನಿಯಾದಿಂದ ತಂದ ಇನ್ನೊಂದು ಕಣಜವನ್ನು ಬಿಟ್ಟರು. ಅದರ ಮರಿ ಗಂಟಿನೊಳಗಿನ ಈ ಹುಳುಗಳನ್ನೇ ತಿನ್ನುತ್ತದೆ. ಎಲೆಗಳು ಚೇತರಿಸಿಕೊಂಡವು, ಹೂವು ಕಾಯಿಗೆ ಮಾತ್ರ ಕಾಟ ಉಳಿಯಿತು. ಸುಮಾರು ಅದೇ ಹೊತ್ತಿಗೆ ಪಕ್ಕದ ಕೇರಳದಲ್ಲೂ ಮೆಣಸು ಹಬ್ಬಿಸಿದ ಮರಗಳಿಗೆ ಇದೇ ಹುಳ ಬಿತ್ತು. ದೂರದ ಕಥೆ ಅಲ್ಲ, ಅಲ್ವಾ?

ನೆರಳಿಗೆ ಹಾಲುವಾಣದ ಬದಲು ಸಿಲ್ವರ್ ಓಕ್ ಹಾಕಿಬಿಡಿ ಅನ್ನುವವರೇ ಜಾಸ್ತಿ. ಮರ ಮಾರಿದರೆ ದುಡ್ಡು ಸಿಗುತ್ತದೆ, ನಿಜ. ಆದರೆ ಮರಗಸಿ ಮಾಡಿದಾಗ, ಅಂದರೆ ನೆರಳಿನ ಮರದ ಕೊಂಬೆ ಸವರಿದಾಗ, ಬೀಳುವ ಹಾಲುವಾಣದ ಸೊಪ್ಪು ಕಾಫಿಗೆ ಒಳ್ಳೇ ಗೊಬ್ಬರ, ಅದನ್ನು ಬಿಡೋಕೆ ನನಗೆ ಮನಸ್ಸಿಲ್ಲ.

ಕೊರತೆ ಅಂದರೆ, ಫೋನ್ ಎತ್ತುವುದಿಲ್ಲ, ಸಾಗಿಸೋಕೆ ಗಾಡಿ ನಾವೇ ತರಬೇಕು. ನೆಟ್ಟ 62ರಲ್ಲಿ 57 ಚಿಗುರಿವೆ, ಇವತ್ತಿನವರೆಗೆ ಒಂದರಲ್ಲೂ ಗಂಟಿಲ್ಲ. ಉಳಿದ 18ಕ್ಕೆ ಮುಂದಿನ ಜೂನ್‌ಗೆ ಹೇಳಿ ಬಂದಿದ್ದೇನೆ.