ಹಳೆಯ ಆಫೀಸ್ ಡೆಸ್ಕ್‌ಟಾಪಿಗೆ ಜಿಟಿಎಕ್ಸ್ 1650: ವರ್ಷಗಟ್ಟಲೆ ಬಳಸಿದ ಮೇಲೆ

ಎಂಟನೇ ತಲೆಮಾರಿನ ಐ5 ಇರುವ, ಯಾವುದೋ ಆಫೀಸಿನಿಂದ ಹೊರಬಿದ್ದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ನನ್ನದು. ಊರಿನ ಯಕ್ಷಗಾನ, ತಾಳಮದ್ದಳೆ ರೆಕಾರ್ಡಿಂಗುಗಳ ಎಡಿಟಿಂಗೇ ಅದರ ಮುಖ್ಯ ಕೆಲಸ. 2022ರ ಕೊನೆಗೆ, ಕ್ರಿಪ್ಟೊ ಮೈನಿಂಗಿನ ಅಬ್ಬರ ಇಳಿದು ಕಾರ್ಡುಗಳು ಕೈಗೆಟುಕುವಂತಾದಾಗ, ಸುಮಾರು ₹14,000 ಕೊಟ್ಟು ಎನ್‌ವಿಡಿಯಾದ 4 ಜಿಬಿ ಗ್ರಾಫಿಕ್ಸ್ ಕಾರ್ಡು ಜಿಟಿಎಕ್ಸ್ 1650 ಹಾಕಿದೆ. ಇದು 2019ರ ಕಾರ್ಡು. ಆಗಲೇ ಇದಕ್ಕಿಂತ ಜೋರಾದವು ಬೇಕಾದಷ್ಟಿದ್ದವು. ಆದರೂ ಇದನ್ನೇ ಆರಿಸಿದ್ದು ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ, ನೋಡಿ.

ಬ್ರ್ಯಾಂಡೆಡ್ ಆಫೀಸ್ ಮಷಿನ್ನುಗಳಲ್ಲಿ ಎಸ್‌ಎಂಪಿಎಸ್ ಸಣ್ಣದು. ನನ್ನದರಲ್ಲಿ 240 ವ್ಯಾಟ್‌ನದು. ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ 6 ಪಿನ್ನಿನ ವೈರೇ ಅದರಿಂದ ಹೊರಟಿಲ್ಲ. ದೊಡ್ಡದು ಹಾಕೋಣವೆಂದರೆ ಮದರ್‌ಬೋರ್ಡಿನ ಪವರ್ ಕನೆಕ್ಟರೇ ಬೇರೆ ಥರ, ಅಂಗಡಿಯಲ್ಲಿ ಸಿಗುವ ಮಾಮೂಲಿ ಎಸ್‌ಎಂಪಿಎಸ್ ಕೂರುವುದಿಲ್ಲ. ಹಾರ್ಡ್ ಡಿಸ್ಕಿನ ಸಾಟಾ ವೈರಿಗೆ ಅಡಾಪ್ಟರ್ ಸಿಕ್ಕಿಸಿ ಕಾರ್ಡಿಗೆ ಕರೆಂಟ್ ಕೊಡುವ ಉಪಾಯವನ್ನು ಕೆಲವರು ಹೇಳುತ್ತಾರೆ. ದಯವಿಟ್ಟು ಬೇಡ, ಆ ಕನೆಕ್ಟರ್ ಅಷ್ಟು ಲೋಡಿಗೆ ಮಾಡಿದ್ದಲ್ಲ, ಕರಗುತ್ತದೆ. ಕಾರ್ಡು ಕೂರುವ, ಮದರ್‌ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ಸಿನ ಉದ್ದ ಸ್ಲಾಟೇ 75 ವ್ಯಾಟ್‌ವರೆಗೆ ಕೊಡಬಲ್ಲದು, 1650ಕ್ಕೆ ಅಷ್ಟು ಸಾಕು. ಆದರೆ ಇದೇ ಹೆಸರಿನ ಕೆಲವು ಮಾಡೆಲ್ಲುಗಳಿಗೂ 6 ಪಿನ್ ಇರುತ್ತದೆ. ಕೊಳ್ಳುವಾಗ ಕಾರ್ಡಿನ ಮೇಲಂಚು ನೋಡಿಕೊಳ್ಳಿ.

ಹಾಕುವ ಕೆಲಸ ಸಲೀಸು. ಹಿಂಬದಿಯ ತಗಡಿನ ಪಟ್ಟಿ ತೆಗೆದು, ಸ್ಲಾಟಿನ ತುದಿಯ ಲಾಕ್ 'ಟಕ್' ಅನ್ನುವವರೆಗೆ ಒತ್ತಿ, ಒಂದು ಸ್ಕ್ರೂ ಬಿಗಿದರೆ ಆಯಿತು. ಮಾನಿಟರ್ ಕೇಬಲ್ಲನ್ನು ಮಾತ್ರ ಕಾರ್ಡಿನ ಪೋರ್ಟಿಗೇ ಚುಚ್ಚಬೇಕು.

ಪ್ರೊಸೆಸರಿನೊಳಗಿನ ಯುಎಚ್‌ಡಿ 630 ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ಸಿಸ್ಟಮ್ಮಿನ ರ‍್ಯಾಮನ್ನೇ ಹಂಚಿಕೊಳ್ಳಬೇಕು. 2666 ವೇಗದ ಒಂದೇ ಡಿಡಿಆರ್4 ರ‍್ಯಾಮ್ ಸ್ಟಿಕ್ ಇದ್ದರೆ ಡೇಟಾ ಸಾಗುವುದು ಸೆಕೆಂಡಿಗೆ ಸುಮಾರು 21 ಜಿಬಿ, ಅದರಲ್ಲೂ ಪ್ರೊಸೆಸರಿಗೆ ಪಾಲು. 1650ರ ಜಿಡಿಡಿಆರ್5 ಮೆಮೊರಿಯ ವೇಗ 128 ಜಿಬಿ, ಅಷ್ಟೂ ಕಾರ್ಡಿಗೇ. ನಾನು ಎಡಿಟಿಂಗಿಗೆ ಬಳಸುವ ಡಾವಿಂಚಿ ರಿಸಾಲ್ವ್ ಬಣ್ಣದ ಲೆಕ್ಕವನ್ನೆಲ್ಲ ಗ್ರಾಫಿಕ್ಸಿನ ಮೇಲೆಯೇ ಹೊರಿಸುವ ಸಾಫ್ಟ್‌ವೇರ್ ಆದ್ದರಿಂದ ವ್ಯತ್ಯಾಸ ಮೊದಲ ದಿನವೇ ಕಂಡಿತು. ಹ್ಯಾಲೊಜೆನ್ ಬೆಳಕಿನಲ್ಲಿ ಬಣ್ಣದ ವೇಷದ ಮುಖ ಹಳದಿಗೆ ತಿರುಗಿರುತ್ತದೆ. ಅದನ್ನು ಸರಿಪಡಿಸಿ ಪ್ಲೇ ಒತ್ತಿದರೆ ಮೊದಲೆಲ್ಲ ಚಿತ್ರ ತಡವರಿಸಿ, ಚೆಂಡೆಯ ಪೆಟ್ಟಿಗೂ ಹೆಜ್ಜೆಗೂ ತಾಳ ತಪ್ಪುತ್ತಿತ್ತು. ಎಲ್ಲಿ ಕತ್ತರಿಸಬೇಕೆಂದೇ ತಿಳಿಯುತ್ತಿರಲಿಲ್ಲ. ಈಗ ಫುಲ್ ಎಚ್‌ಡಿಯಲ್ಲಿ ಧಿಗಿಣವೂ ಅಡೆತಡೆಯಿಲ್ಲದೆ ಓಡುತ್ತದೆ. ನನ್ನ ದುಡ್ಡು ಬಂದದ್ದು ಅಲ್ಲಿ.

4ಕೆಗೆ ಹೋದರೆ 4 ಜಿಬಿ ಸಾಲದು. ಎರಡು ಮೂರು ಎಫೆಕ್ಟ್ ಸೇರಿಸುವಷ್ಟರಲ್ಲಿ ಜಿಪಿಯು ಮೆಮೊರಿ ತುಂಬಿದೆ ಎಂಬ ಸಂದೇಶ ಬರುತ್ತದೆ. ಪ್ರಾಕ್ಸಿ, ಅಂದರೆ ವಿಡಿಯೋದ ಹಗುರ ನಕಲು, ಮಾಡಿಕೊಂಡು ಎಡಿಟ್ ಮಾಡುತ್ತೇನೆ. ಲೈವ್ ಬಿಡುವವರಿಗೆ ಇನ್ನೊಂದು ಮಾತು: ಮೂಲ 1650ರಲ್ಲಿ ವಿಡಿಯೋವನ್ನು ಕುಗ್ಗಿಸುವ ಭಾಗ, ಅಂದರೆ ಎನ್‌ಕೋಡರ್, ಹಿಂದಿನ ತಲೆಮಾರಿನದು. ನಮ್ಮೂರಿನ ಇಂಟರ್ನೆಟ್ಟಿಗೆ ಹೊಂದುವ ಕಡಿಮೆ ಬಿಟ್‌ರೇಟಿನಲ್ಲಿ ವೇಷದ ಜರಿ, ಗೆಜ್ಜೆಯೆಲ್ಲ ಚೂರು ಕಲಸಿಹೋಗುತ್ತದೆ.

ಬಾಳಿಕೆಯ ಬಗ್ಗೆ ದೂರಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಮೊದಲಿದ್ದ 600 ವಿಎ ಯುಪಿಎಸ್ಸೇ ಫೈಲ್ ಸೇವ್ ಮಾಡುವಷ್ಟು ಹೊತ್ತು ತಡೆಯುತ್ತದೆ. ಇದ್ದೊಂದು ಫ್ಯಾನಿನ ಧೂಳನ್ನು ಬ್ರಷ್ಷಿನಿಂದ ತೆಗೆಯುತ್ತಿರಬೇಕು, ಬಿಟ್ಟರೆ ರೆಂಡರ್ ಹೊತ್ತಿಗೆ ಸದ್ದು ಏರುತ್ತದೆ.

ಇಂಥದೇ ಮಷಿನ್ನಿಗೆ ಇವತ್ತು ಹೊಸದಾಗಿ ಕೊಳ್ಳುವವರಿಗೆ ನಾನು ಹೇಳುವುದು 2024ರಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ಮಾಡೆಲ್. 70 ವ್ಯಾಟ್, ಪ್ರತ್ಯೇಕ ಪವರ್ ವೈರ್ ಬೇಡ, ಎನ್‌ಕೋಡರೂ ಹೊಸದು. ಎಎಂಡಿಯ ಆರ್‌ಎಕ್ಸ್ 6400 ಅಗ್ಗವಾಗಿ ಸಿಕ್ಕರೂ ಎಡಿಟಿಂಗಿಗೆ ಬೇಡ. ಅದರಲ್ಲಿ ವಿಡಿಯೋ ಎನ್‌ಕೋಡರೇ ಇಲ್ಲ, ಮೇಲಾಗಿ ಬೋರ್ಡಿನೊಂದಿಗೆ ಡೇಟಾ ಸಾಗಿಸುವ ಲೇನ್ ನಾಲ್ಕೇ ಇರುವುದರಿಂದ ಹಳೆಯ ಬೋರ್ಡಿನಲ್ಲಿ ಇನ್ನಷ್ಟು ಸೊರಗುತ್ತದೆ. ಇಂಟೆಲ್ ಆರ್ಕ್ ಎ380 ಆಕರ್ಷಕವೇ, ಆದರೆ ಅದು ಕೇಳುವ, ಪ್ರೊಸೆಸರಿಗೆ ಕಾರ್ಡಿನ ಮೆಮೊರಿಯನ್ನೆಲ್ಲ ಒಟ್ಟಿಗೇ ಮುಟ್ಟಲು ಬಿಡುವ ರಿಸೈಜಬಲ್ ಬಾರ್ ಸೌಲಭ್ಯ ಎಂಟನೇ ತಲೆಮಾರಿನ ಆಫೀಸ್ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಸೆಕೆಂಡ್ ಹ್ಯಾಂಡ್ 1650 ಕಡಿಮೆಗೆ ಸಿಕ್ಕರೆ, ಫುಲ್ ಎಚ್‌ಡಿಯಷ್ಟೇ ಸಾಕೆನ್ನುವವರು ಈಗಲೂ ಧೈರ್ಯವಾಗಿ ತೆಗೆದುಕೊಳ್ಳಬಹುದು. ಅಂಗಡಿಯಲ್ಲೇ ಹತ್ತು ನಿಮಿಷ ಲೋಡ್ ಕೊಟ್ಟು ಓಡಿಸಿ, ಫ್ಯಾನ್ ಸರಿಯಾಗಿ ತಿರುಗುತ್ತದೆಯೇ ನೋಡಿ ದುಡ್ಡು ಕೊಡಿ.